ಅರ್ಧ ಟ್ಯಾಂಕ್ ಇದ್ದರೂ ಮುಳ್ಳು ಸೊನ್ನೆಗೆ ಬೀಳುತ್ತಿದೆ: ಮೀಟರ್ ಬದಲಿಸಬೇಕಾ?

ಪ್ರಶ್ನೆ: ನಮ್ಮದು ಒಂಬತ್ತು ವರ್ಷದ ಪೆಟ್ರೋಲ್ ಕಾರು. ಮೂರು ತಿಂಗಳಿಂದ ಫ್ಯೂಯಲ್ ಗೇಜ್ ಕಾಟ ಕೊಡುತ್ತಿದೆ. ಫುಲ್ ಟ್ಯಾಂಕ್ ಹಾಕಿಸಿದರೆ ಮುಳ್ಳು ಸರಿಯಾಗಿ ಮೇಲೇರುತ್ತದೆ. ಅರ್ಧದ ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ಸೊನ್ನೆಗೆ ಬೀಳುತ್ತದೆ, ರಿಸರ್ವ್ ಲೈಟ್ ಹತ್ತುತ್ತದೆ. ಸ್ವಲ್ಪ ದೂರ ಹೋದರೆ ಅಥವಾ ಒಂದು ಹಂಪ್ ದಾಟಿದರೆ ಮತ್ತೆ ಮೇಲೆ ಬರುತ್ತದೆ. ಕಾಲು ಟ್ಯಾಂಕಿಗೆ ಇಳಿದ ಮೇಲೆ ಎಲ್ಲ ಸರಿ. ನಾನು ಸಾಮಾನ್ಯವಾಗಿ ಫುಲ್ ಮಾಡಿಸುವುದಿಲ್ಲ, ಅರ್ಧ ಟ್ಯಾಂಕ್ ಹಾಕಿಸುತ್ತೇನೆ. ಕಳೆದ ವಾರ ಇಂಜಿನ್ ಲೈಟ್ ಕೂಡ ಬಂತು. ಸ್ಕ್ಯಾನರ್‌ನಲ್ಲಿ ಪಿ0463, ಅಂದರೆ ಫ್ಯೂಯಲ್ ಲೆವೆಲ್ ಸೆನ್ಸರ್ ‘ಹೈ ಇನ್‌ಪುಟ್’ ಎಂದು ತೋರಿಸಿತು. ಮೆಕ್ಯಾನಿಕ್ ಮೀಟರ್ ಪೂರ್ತಿ ಬದಲಿಸಬೇಕು ಎನ್ನುತ್ತಾರೆ. ಒಬ್ಬ ಸ್ನೇಹಿತ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತುಂಬಿಸಿದರೆ ಸೆಟ್ ಆಗುತ್ತದೆ ಎಂದ. ಇನ್ನೊಬ್ಬ ಟ್ಯಾಂಕಿಗೆ ಕ್ಲೀನರ್ ಹಾಕು ಎಂದ. ಟ್ರಿಪ್ ಮೀಟರ್ ನೋಡಿಕೊಂಡೇ ಓಡಿಸಿದರೆ ಸಾಲದೇ?

ಉತ್ತರ: ಮೊದಲಿಗೆ ಒಂದು ಮಾತು. ಮೀಟರ್ ಈಗಲೇ ಬದಲಿಸಬೇಡಿ. ನೀವು ಬರೆದಿರುವ ಲಕ್ಷಣಗಳು ಡ್ಯಾಶ್‌ಬೋರ್ಡ್ ಕಡೆ ಕೈ ತೋರಿಸುತ್ತಿಲ್ಲ, ಟ್ಯಾಂಕ್ ಕಡೆ ತೋರಿಸುತ್ತಿವೆ. ಆದರೂ ನನ್ನ ಮಾತು ನಂಬಿ ಪಾರ್ಟ್ ತರಬೇಡಿ. ಪರೀಕ್ಷೆ ಮಾಡಿಸಿ, ಆಮೇಲೆ ತನ್ನಿ. ಗೇಜ್ ದೂರು ಹೊತ್ತು ನಮ್ಮ ಕೆಲಸದ ಜಾಗಕ್ಕೆ ಬರುವ ಎಷ್ಟೋ ಕಾರುಗಳಲ್ಲಿ ಮೀಟರ್ ಆಗಲೇ ಒಮ್ಮೆ ಬದಲಾಗಿರುತ್ತದೆ, ದೂರು ಮಾತ್ರ ಹಾಗೇ ಉಳಿದಿರುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಬೇಕಾದ ಸುಳಿವುಗಳೆಲ್ಲ ಇವೆ. ಮುಳ್ಳು ಯಾವಾಗಲೂ ತಪ್ಪು ತೋರಿಸುತ್ತಿಲ್ಲ. ಒಂದು ಮಟ್ಟದಲ್ಲಿ ಮಾತ್ರ ತಪ್ಪುತ್ತಿದೆ. ಮೇಲೆ ಸರಿ, ಕೆಳಗೆ ಸರಿ, ನಡುವೆ ಬೀಳುತ್ತದೆ. ಕಾರು ಕುಲುಕಿದರೆ ಏಳುತ್ತದೆ. ಇದು ಯಾಕೆ ಮುಖ್ಯ ಅಂತ ಗೊತ್ತಾಗಬೇಕಾದರೆ ಟ್ಯಾಂಕಿನೊಳಗೆ ಏನಿದೆ ಎಂದು ತಿಳಿದುಕೊಳ್ಳಬೇಕು.

ಟ್ಯಾಂಕಿನಲ್ಲಿ ಒಂದು ಫ್ಲೋಟ್ ಪೆಟ್ರೋಲ್ ಮೇಲೆ ತೇಲುತ್ತಿರುತ್ತದೆ. ಅದಕ್ಕೆ ತಂತಿಯಂಥ ಒಂದು ತೋಳು. ತೋಳಿನ ಇನ್ನೊಂದು ತುದಿಯಲ್ಲಿ ಪುಟ್ಟ ಲೋಹದ ಬೆರಳುಗಳಿವೆ. ಅವು ಒಂದು ರೆಸಿಸ್ಟರ್ ಪಟ್ಟಿಯ, ಅಂದರೆ ಕರೆಂಟಿಗೆ ತಡೆ ಒಡ್ಡುವ ಪಟ್ಟಿಯ ಮೇಲೆ ಹಿಂದೆ ಮುಂದೆ ಉಜ್ಜುತ್ತವೆ. ಪೆಟ್ರೋಲ್ ಇಳಿದ ಹಾಗೆ ಫ್ಲೋಟ್ ಇಳಿಯುತ್ತದೆ, ಬೆರಳು ಸರಿಯುತ್ತದೆ, ರೆಸಿಸ್ಟೆನ್ಸ್ ಬದಲಾಗುತ್ತದೆ. ಮೀಟರ್ ಅಳೆಯುವುದು ಈ ರೆಸಿಸ್ಟೆನ್ಸನ್ನು. ಪೆಟ್ರೋಲನ್ನು ಅದು ನೇರವಾಗಿ ನೋಡುವುದೇ ಇಲ್ಲ. ಈ ಪೂರ್ತಿ ಜೋಡಣೆಗೆ ಸೆಂಡರ್ ಅಥವಾ ಟ್ಯಾಂಕ್ ಯೂನಿಟ್ ಎನ್ನುತ್ತಾರೆ. ಈಗಿನ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಇದು ಪೆಟ್ರೋಲ್ ಪಂಪ್ ಜೊತೆ ಒಂದೇ ಮಾಡ್ಯೂಲ್‌ನಲ್ಲಿ ಇರುತ್ತದೆ.

ವರ್ಷಗಟ್ಟಲೆ ಉಜ್ಜಿದರೆ ಪಟ್ಟಿ ಸವೆಯುತ್ತದೆ. ಎಲ್ಲಿ ಜಾಸ್ತಿ ಉಜ್ಜುತ್ತದೋ ಅಲ್ಲಿ ಜಾಸ್ತಿ ಸವೆಯುತ್ತದೆ. ನೀವು ಪ್ರತಿ ಸಲ ಅರ್ಧ ಟ್ಯಾಂಕ್ ಹಾಕಿಸುತ್ತೀರಿ, ಅಂದರೆ ಒಂಬತ್ತು ವರ್ಷ ಆ ಬೆರಳುಗಳು ಹೆಚ್ಚು ಕಾಲ ಕಳೆದದ್ದು ಅರ್ಧದಿಂದ ಕೆಳಗೆ. ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗ ಬಂದು ನಿಲ್ಲುವುದು, ಕುಲುಕಾಟಕ್ಕೆ ಉಜ್ಜಲು ಶುರು ಮಾಡುವುದು ಆ ಅರ್ಧದ ಜಾಗದಲ್ಲೇ. ಹಳೆಯ ರೇಡಿಯೋದ ವಾಲ್ಯೂಮ್ ಗುಂಡಿ ತಿರುಗಿಸುವಾಗ ಒಂದು ಜಾಗದಲ್ಲಿ ಮಾತ್ರ ದನಿ ಕಡಿದು ಹೋಗುತ್ತದೆ, ಅಲ್ವಾ? ಇಲ್ಲಿ ಆಗುತ್ತಿರುವುದೂ ಅದೇ. ಬೆರಳು ಸವೆದ ಜಾಗಕ್ಕೆ ಬಂದಾಗ ಸಂಪರ್ಕ ತಪ್ಪುತ್ತದೆ. ಹಂಪ್ ಹಾರಿದಾಗ ಪೆಟ್ರೋಲ್ ಅಲುಗಿ ಬೆರಳು ಸ್ವಲ್ಪ ಸರಿದು ಮತ್ತೆ ತಾಗುತ್ತದೆ.

ಸವೆತ ಒಂದೇ ಕಾರಣವಲ್ಲ. ಈ ಬೆರಳು ಮತ್ತು ಪಟ್ಟಿಗಳಲ್ಲಿ ಬೆಳ್ಳಿ ಬೆರೆತ ಲೋಹ ಬಳಸುವುದುಂಟು. ಪೆಟ್ರೋಲ್‌ನಲ್ಲಿ ಕೆಲವು ಬಗೆಯ ಗಂಧಕ ಉಳಿದಿದ್ದರೆ ಅದು ಬೆಳ್ಳಿಯ ಮೇಲೆ ಕಪ್ಪು ಪದರ ಕಟ್ಟುತ್ತದೆ. ಆ ಪದರದಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. 2004ರಲ್ಲಿ ಅಮೆರಿಕದ ಫ್ಲಾರಿಡಾ ಮತ್ತು ಇನ್ನು ಕೆಲವು ಕಡೆ ಗಂಧಕ ಜಾಸ್ತಿ ಇದ್ದ ಪೆಟ್ರೋಲು ಬಂಕುಗಳನ್ನು ತಲುಪಿ, ಕಾರುಗಳ ಗೇಜ್ ಕೆಟ್ಟು, ಮಾರಾಟವನ್ನೇ ನಿಲ್ಲಿಸಬೇಕಾಯಿತು. ಈಗ ಕೆಲವು ತಯಾರಕರು ಉಜ್ಜುವ ಭಾಗವನ್ನೇ ಬಿಟ್ಟು, ಅಯಸ್ಕಾಂತದಿಂದ ಮಟ್ಟ ಓದುವ ಸೆನ್ಸರ್ ಹಾಕುತ್ತಾರೆ.

ಈಗ ನಿಮ್ಮ ಸ್ಕ್ಯಾನರ್ ಕೋಡ್‌ಗೆ ಬರೋಣ. ಪಿ0463ರಲ್ಲಿ ‘ಹೈ’ ಎಂದರೆ ಪೆಟ್ರೋಲ್ ಜಾಸ್ತಿ ಎಂದಲ್ಲ. ಸೆನ್ಸರ್ ತಂತಿಯಲ್ಲಿ ವೋಲ್ಟೇಜ್ ಇರಬೇಕಾದ್ದಕ್ಕಿಂತ ಜಾಸ್ತಿ ಎಂದರ್ಥ. ಟ್ಯಾಂಕ್ ತುಂಬಿ ತುಳುಕುವಂತೆ ಹಾಕಿಸಿದ್ದಕ್ಕೆ ಈ ಕೋಡ್ ಬಂತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಾಮಾನ್ಯವಾಗಿ ಕಾರಿನೊಳಗಿನ ಕಂಪ್ಯೂಟರ್ ಒಂದು ರೆಸಿಸ್ಟರ್ ಮೂಲಕ ಸಣ್ಣ ವೋಲ್ಟೇಜ್ ಕಳಿಸುತ್ತದೆ, ಸೆಂಡರ್ ಅದನ್ನು ಅರ್ಥ್ (ಬ್ಯಾಟರಿ ನೆಗೆಟಿವ್‌ಗೆ ಸೇರಿದ ಕಾರಿನ ಲೋಹದ ಬಾಡಿ) ಕಡೆ ಎಳೆಯುತ್ತದೆ. ಮಧ್ಯೆ ಸಂಪರ್ಕ ಕಡಿದರೆ ಎಳೆಯುವವರಿಲ್ಲದೆ ವೋಲ್ಟೇಜ್ ಪೂರ್ತಿ ಮೇಲೇರುತ್ತದೆ. ಅದಕ್ಕೇ ‘ಹೈ’. ಪಿ0462 ಇದಕ್ಕೆ ತಿರುಗುಮುರುಗು. ತಂತಿ ಕಾರಿನ ಲೋಹಕ್ಕೆ ತಾಗಿ ವೋಲ್ಟೇಜ್ ಕೆಳಗಿಳಿದಾಗ ಬರುತ್ತದೆ. ಎಷ್ಟೋ ದೂರ ಓಡಿದರೂ ಮಟ್ಟ ಬದಲಾಗದಿದ್ದರೆ ಪಿ0461, ಬಂದು ಹೋಗುವ ದೋಷಕ್ಕೆ ಪಿ0464. ನಿಮ್ಮ ಕೋಡ್ ‘ಎಲ್ಲೋ ಸಂಪರ್ಕ ಕಡಿಯುತ್ತಿದೆ’ ಎನ್ನುತ್ತಿದೆ, ನಿಮ್ಮ ಮುಳ್ಳೂ ಅದನ್ನೇ ಹೇಳುತ್ತಿದೆ. ಎಲ್ಲಿ ಕಡಿಯುತ್ತಿದೆ ಎಂಬುದನ್ನು ಮಾತ್ರ ಕೋಡ್ ಹೇಳುವುದಿಲ್ಲ. ಸೆಂಡರ್ ಪಟ್ಟಿಯಲ್ಲಿರಬಹುದು, ತಂತಿಗಳನ್ನು ಜೋಡಿಸುವ ಪ್ಲಗ್‌ನ, ಅಂದರೆ ಕಪ್ಲರ್‌ನ ಪಿನ್‌ನಲ್ಲಿರಬಹುದು, ಅರ್ಥ್ ತಂತಿಯಲ್ಲಿರಬಹುದು. ಕೋಡ್ ನೋಡಿದ ತಕ್ಷಣ ಪಾರ್ಟ್ ಬದಲಿಸುವುದು ತಪ್ಪಾಗುವುದು ಇಲ್ಲೇ.

ಎಲ್ಲ ಕಾರುಗಳಲ್ಲೂ ಸಂಪರ್ಕ ಕಡಿದರೆ ಮುಳ್ಳು ಸೊನ್ನೆಗೇ ಬೀಳಬೇಕೆಂದಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅನುಭವಿ ಮೆಕ್ಯಾನಿಕ್‌ಗಳೂ ಇಲ್ಲಿ ಎಡವುತ್ತಾರೆ. ರೆಸಿಸ್ಟೆನ್ಸ್ ಅಳೆಯುವುದು ಓಮ್‌ನಲ್ಲಿ. ಕೆಲವು ಸೆಂಡರ್‌ಗಳು ಟ್ಯಾಂಕ್ ಖಾಲಿ ಇದ್ದಾಗ 240 ಓಮ್, ತುಂಬಿದಾಗ 33 ಓಮ್ ತೋರಿಸುತ್ತವೆ. ಇವುಗಳಲ್ಲಿ ತಂತಿ ಕಡಿದರೆ ಮುಳ್ಳು ಖಾಲಿ ಕಡೆ ಹೋಗುತ್ತದೆ. ಇನ್ನು ಕೆಲವು ಖಾಲಿಗೆ 10, ಫುಲ್‌ಗೆ 180 ಓಮ್. ಮತ್ತೆ ಕೆಲವು ಖಾಲಿಗೆ 0, ಫುಲ್‌ಗೆ 90. ಇವುಗಳಲ್ಲಿ ತಂತಿ ಕಡಿದರೆ ಮುಳ್ಳು ಫುಲ್ ದಾಟಿ ನಿಲ್ಲುತ್ತದೆ. ಹೊಸ ಕಾರುಗಳಲ್ಲಿ ದೋಷ ಗೊತ್ತಾದ ಕೂಡಲೇ ಕಂಪ್ಯೂಟರೇ ಮುಳ್ಳನ್ನು ಖಾಲಿಗೆ ಇಳಿಸುವುದೂ ಉಂಟು. ಆದ್ದರಿಂದ ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಅಂಕಿ ಎಷ್ಟಿದೆ ಎಂದು ನೋಡದೆ ಮಲ್ಟಿಮೀಟರ್ ಹಿಡಿದರೆ ಉಪಯೋಗವಿಲ್ಲ. ಬೇರೆ ಕಾರಿನ ಸೆಂಡರ್ ‘ಕೂರುತ್ತದೆ’ ಎಂದು ಹಾಕಿದರೆ ಮುಳ್ಳು ತಲೆಕೆಳಗಾಗಿ ತೋರಿಸಬಹುದು, ಅಥವಾ ಮುಕ್ಕಾಲಿನ ಮೇಲೆ ಏರದೇ ಇರಬಹುದು.

ಹಾಗಾದರೆ ಪರೀಕ್ಷೆ ಹೇಗೆ? ಬಿಚ್ಚದೆ ಆಗುವ ಕೆಲಸ ಮೊದಲು. ಬಹಳಷ್ಟು ಕಾರುಗಳ ಮೀಟರ್‌ಗೆ ಸ್ವಯಂ ಪರೀಕ್ಷೆಯ ವಿಧಾನವಿದೆ. ಒಂದು ಬಟನ್ ಒತ್ತಿ ಹಿಡಿದು ಕೀ ಆನ್ ಮಾಡಿದರೆ ಮುಳ್ಳುಗಳೆಲ್ಲ ತುದಿಯಿಂದ ತುದಿಗೆ ಓಡಾಡುತ್ತವೆ. ಕ್ರಮ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಪೆಟ್ರೋಲ್ ಮುಳ್ಳು ತಡವರಿಸದೆ ಸರಾಗವಾಗಿ ಹೋಗಿ ಬಂದರೆ ಮುಳ್ಳು ತಿರುಗಿಸುವ ಮೋಟಾರ್ ಚೆನ್ನಾಗಿದೆ ಎಂದು ತಿಳಿಯಿರಿ. ಟೆಂಪರೇಚರ್ ಮುಳ್ಳು ಕೂಡ ಕುಣಿಯುತ್ತಿದ್ದರೆ, ಅಥವಾ ಮೀಟರ್ ಪೂರ್ತಿ ಆರಿ ಹತ್ತುತ್ತಿದ್ದರೆ ಆಗ ಮೀಟರ್ ಮೇಲೆ, ಅದರ ಫ್ಯೂಸ್ ಮತ್ತು ಸಪ್ಲೈ ಮೇಲೆ ಅನುಮಾನ ಪಡಬಹುದು. ನೀವು ಅಂಥದ್ದೇನೂ ಬರೆದಿಲ್ಲ.

ಮುಂದಿನದು ಸ್ಕ್ಯಾನರ್. ಕೋಡ್ ಓದಿ ನಿಲ್ಲಿಸಬೇಡಿ, ಲೈವ್ ಡೇಟಾ ತೆರೆಸಿ. ಫ್ಯೂಯಲ್ ಲೆವೆಲ್ ಅಲ್ಲಿ ಶೇಕಡಾವಾರು ಕಾಣುತ್ತದೆ. ಟ್ಯಾಂಕ್ ಅರ್ಧದ ಸುತ್ತ ಇರುವಾಗ ಇನ್ನೊಬ್ಬರು ಓಡಿಸಲಿ, ಪಕ್ಕದಲ್ಲಿ ಕೂತವರು ಅಂಕಿ ನೋಡಲಿ. ಮುಳ್ಳು ಬೀಳುವಾಗ ಅಂಕಿಯೂ ಬಿದ್ದರೆ ದೋಷ ಟ್ಯಾಂಕ್ ಅಥವಾ ತಂತಿ ಕಡೆ. ಅಂಕಿ ಸ್ಥಿರವಾಗಿದ್ದು ಮುಳ್ಳು ಮಾತ್ರ ಬಿದ್ದರೆ ಮೀಟರ್ ಕಡೆ. ಒಂದು ಎಚ್ಚರಿಕೆ ಇದೆ. ಕೆಲವು ಕಾರುಗಳಲ್ಲಿ ಸೆಂಡರ್ ತಂತಿ ಮೊದಲು ಮೀಟರ್‌ಗೆ ಹೋಗುತ್ತದೆ, ಮೀಟರೇ ಅಂಕಿಯನ್ನು ಇಂಜಿನ್ ಕಂಪ್ಯೂಟರ್‌ಗೆ ಹೇಳುತ್ತದೆ. ಅಲ್ಲಿ ಎರಡೂ ಒಟ್ಟಿಗೆ ಬಿದ್ದರೂ ಮೀಟರ್ ನಿರ್ದೋಷಿ ಎಂದು ಪೂರ್ತಿ ಹೇಳಲಾಗದು. ವೈರಿಂಗ್ ಡಯಾಗ್ರಮ್ ನೋಡಿದರೆ ಇದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಆಮೇಲೆ ಟ್ಯಾಂಕಿನ ಕಪ್ಲರ್. ತುಂಬಾ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗೆ ಒಂದು ಮುಚ್ಚಳವಿದೆ, ಅದರ ಕೆಳಗೆ ಕಪ್ಲರ್ ಸಿಗುತ್ತದೆ. ಇಷ್ಟರವರೆಗೆ ಟ್ಯಾಂಕ್ ತೆರೆಯುವ ಪ್ರಶ್ನೆ ಇಲ್ಲ. ಕೀ ಆಫ್ ಮಾಡಿ ಕಪ್ಲರ್ ಕಳಚಿ ಪಿನ್ ನೋಡಿ. ಹಸಿರು ಕಿಲುಬು, ಸುಟ್ಟ ಗುರುತು, ಸಡಿಲವಾದ ಪಿನ್, ಧೂಳಿನ ಜೊತೆ ತೇವ, ಇವೆಲ್ಲ ನಾವು ಆಗಾಗ ಕಾಣುವಂಥವು. ಮುಳ್ಳು ತಪ್ಪು ತೋರಿಸುತ್ತಿರುವ ಹೊತ್ತಿನಲ್ಲೇ ಸೆಂಡರ್‌ನ ಎರಡು ಪಿನ್ ಮಧ್ಯೆ ಓಮ್ ಅಳೆದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಅಳತೆ ಅನಂತ ತೋರಿಸಿದರೆ ಸೆಂಡರ್ ಒಳಗೆ ಕಡಿದಿದೆ. ಅಳತೆ ಸರಿಯಿದ್ದರೆ ತಂತಿ ಹಿಡಿದು ಮುಂದೆ ಹೋಗಬೇಕು. ಸೆಂಡರ್ ಬದಲು ಮ್ಯಾನ್ಯುಯಲ್‌ನಲ್ಲಿ ಅರ್ಧಕ್ಕೆ ಹೇಳಿರುವ ಓಮ್‌ನ ಒಂದು ರೆಸಿಸ್ಟರನ್ನು ಕಪ್ಲರ್‌ಗೆ ಸಿಕ್ಕಿಸಿ ಕೀ ಆನ್ ಮಾಡಿ, ಒಂದೆರಡು ನಿಮಿಷ ಕಾಯಿರಿ. ಮುಳ್ಳು ಅರ್ಧಕ್ಕೆ ಬಂದು ಅಲುಗದೆ ನಿಂತರೆ ಅಲ್ಲಿಂದ ಮೀಟರ್‌ವರೆಗೆ ಎಲ್ಲ ಸರಿ. ಕಾಯಿರಿ ಎಂದಿದ್ದಕ್ಕೆ ಕಾರಣವಿದೆ. ಪೆಟ್ರೋಲ್ ಕುಲುಕಾಡುವಾಗ ಮುಳ್ಳು ಕುಣಿಯದಿರಲೆಂದು ಮೀಟರ್ ಬೇಕೆಂದೇ ನಿಧಾನವಾಗಿ ಸ್ಪಂದಿಸುತ್ತದೆ. ತಂತಿಯನ್ನು ನೇರ ಬಾಡಿಗೆ ತಾಗಿಸಿ ನೋಡುವ ಹಳೆಯ ಪದ್ಧತಿಯನ್ನು ಕಂಪ್ಯೂಟರ್ ಇರುವ ಕಾರಿನಲ್ಲಿ ಮ್ಯಾನ್ಯುಯಲ್ ಒಪ್ಪದಿದ್ದರೆ ಮಾಡಬಾರದು. ಸೆಂಡರ್‌ಗೆ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಡುವುದಂತೂ ಎಂದಿಗೂ ಬೇಡ. ಸೆಂಡರ್ ಸುಡುತ್ತದೆ, ಅದೂ ಪೆಟ್ರೋಲ್ ಆವಿಯ ನಡುವೆ.

ಅರ್ಥ್ ತಂತಿಯ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಜಾಸ್ತಿ ಜನ ಬಿಟ್ಟುಬಿಡುವುದು ಅದನ್ನೇ. ಎಷ್ಟೋ ಕಾರುಗಳಲ್ಲಿ ಪಂಪ್ ಮತ್ತು ಸೆಂಡರ್ ಒಂದೇ ಅರ್ಥ್ ಹಂಚಿಕೊಳ್ಳುತ್ತವೆ. ಪಂಪ್ ಹಲವು ಆಂಪಿಯರ್ ಎಳೆಯುತ್ತದೆ. ಅರ್ಥ್ ಬೋಲ್ಟ್ ತುಕ್ಕು ಹಿಡಿದಿದ್ದರೆ ಅಷ್ಟು ಕರೆಂಟಿಗೆ ಅಲ್ಲಿ ವೋಲ್ಟೇಜ್ ಉಳಿದುಕೊಳ್ಳುತ್ತದೆ, ಸೆಂಡರ್ ಓದುವಿಕೆ ಕೆಡುತ್ತದೆ. ಇದರ ಗುರುತು ಹೀಗೆ: ಕೀ ಆನ್ ಮಾಡಿದಾಗ ಗೇಜ್ ಸರಿ, ಇಂಜಿನ್ ಓಡಲು ಶುರುವಾದ ಮೇಲೆ ತಪ್ಪು. ಕಪ್ಲರ್ ಜೋಡಿಸಿಯೇ ಇಂಜಿನ್ ಓಡಿಸಿ, ಸೆಂಡರ್‌ನ ಅರ್ಥ್ ಪಿನ್ ಮತ್ತು ಬ್ಯಾಟರಿ ನೆಗೆಟಿವ್ ನಡುವೆ ವೋಲ್ಟೇಜ್ ಅಳೆಯಿರಿ. 0.1 ವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. ಜಾಸ್ತಿ ಇದ್ದರೆ ಬೋಲ್ಟ್ ಬಿಚ್ಚಿ ಉಜ್ಜಿ ಬಿಗಿ ಮಾಡಿದರೆ ಕೆಲಸ ಮುಗಿಯಬಹುದು, ಯಾವ ಪಾರ್ಟೂ ಬೇಡ. ನಿಮ್ಮ ಕಾರಿನಲ್ಲಿ ಇದರ ಸಾಧ್ಯತೆ ಕಡಿಮೆ. ಅರ್ಥ್ ಕೆಟ್ಟರೆ ಅದು ಅರ್ಧ ಟ್ಯಾಂಕ್ ಆಗಲಿ ಎಂದು ಕಾಯುವುದಿಲ್ಲ, ಎಲ್ಲ ಮಟ್ಟದಲ್ಲೂ ಕಾಟ ಕೊಡುತ್ತದೆ. ಆದರೂ ಅಳೆದು ನೋಡಿ.

ಇನ್ನು ಸ್ನೇಹಿತರ ಸಲಹೆಗಳು. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತುಂಬಿಸುವುದನ್ನು ದಯವಿಟ್ಟು ಮಾಡಬೇಡಿ. ಸವೆದ ಪಟ್ಟಿ ಅದರಿಂದ ಬೆಳೆಯುವುದಿಲ್ಲ. ಟ್ಯಾಂಕಿನೊಳಗಿನ ಪಂಪ್ ತಣ್ಣಗಿರುವುದು ಪೆಟ್ರೋಲ್‌ನಿಂದ. ಪೆಟ್ರೋಲ್ ಮುಗಿಯುತ್ತಾ ಬಂದಾಗ ಪಂಪ್ ಗಾಳಿ ಎಳೆದು ಬಿಸಿಯಾಗುತ್ತದೆ. ಇಂಜಿನ್ ಮಿಸ್ ಹೊಡೆದು, ಸುಡದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದೂ ಹಾಳಾಗಬಹುದು. ಡೀಸೆಲ್ ಕಾರಿನವರಿಗೆ ಇನ್ನೂ ಕಷ್ಟ. ಲೈನ್‌ನಲ್ಲಿ ಗಾಳಿ ತುಂಬುತ್ತದೆ, ಡೀಸೆಲ್‌ನಿಂದಲೇ ಜಾರಿಕೆ ಪಡೆಯುವ ಹೈ ಪ್ರೆಷರ್ ಪಂಪ್‌ಗೆ ಪೆಟ್ಟು ಬೀಳುತ್ತದೆ. ಬ್ಯಾಟರಿ ತೆಗೆದು ಹಾಕಿದರೆ ಕೆಲವು ಮೀಟರ್‌ಗಳ ಮುಳ್ಳು ತನ್ನ ಸೊನ್ನೆಯ ಜಾಗವನ್ನು ಮತ್ತೆ ಗುರುತಿಸಿಕೊಳ್ಳುತ್ತದೆ. ಅದು ಬೇರೆ ದೋಷಕ್ಕೆ ಮದ್ದು, ನಿಮ್ಮದಕ್ಕಲ್ಲ.

ಕ್ಲೀನರ್ ವಿಷಯದಲ್ಲಿ ನಿಮ್ಮ ಸ್ನೇಹಿತ ಪೂರ್ತಿ ತಪ್ಪಿಲ್ಲ. ಬೆಳ್ಳಿಯ ಮೇಲೆ ಗಂಧಕದ ಪದರ ಕಟ್ಟಿದ್ದರೆ, ಪಾಲಿಈಥರ್ ಅಮೀನ್ ಇರುವ ಒಳ್ಳೆಯ ಫ್ಯೂಯಲ್ ಸಿಸ್ಟಂ ಕ್ಲೀನರ್ ಕೆಲವೊಮ್ಮೆ ಅದನ್ನು ಬಿಡಿಸುತ್ತದೆ. ಬಾಟಲಿಯ ಮೇಲೆ ಹೇಳಿದ ಅಳತೆಯಲ್ಲಿ ಒಮ್ಮೆ ಹಾಕಿ ನೋಡುವುದರಲ್ಲಿ ತಪ್ಪಿಲ್ಲ. ಸರಿಹೋಗದಿದ್ದರೆ ಅಲ್ಲಿಗೆ ನಿಲ್ಲಿಸಿ. ನಿಮ್ಮ ದೋಷ ಒಂದೇ ಜಾಗಕ್ಕೆ ಕಟ್ಟಿಕೊಂಡಿರುವುದರಿಂದ ಪದರಕ್ಕಿಂತ ಸವೆತದ ಮೇಲೇ ನನಗೆ ಅನುಮಾನ ಜಾಸ್ತಿ. ಸವೆತಕ್ಕೆ ಯಾವ ಕೆಮಿಕಲ್ಲೂ ಕೆಲಸ ಮಾಡುವುದಿಲ್ಲ.

ಪರೀಕ್ಷೆಯಲ್ಲಿ ಸೆಂಡರ್ ಕೆಟ್ಟಿದೆ ಎಂದು ಖಚಿತವಾದರೆ ದಾರಿಗಳು ಇವು. ಸೆಂಡರ್ ಭಾಗ ಬೇರೆಯಾಗಿ ಸಿಗುತ್ತದಾ ಎಂದು ಮೊದಲು ಕೇಳಿ. ಕೆಲವು ಮಾಡೆಲ್‌ಗಳಲ್ಲಿ ಅದು ಮಾಡ್ಯೂಲ್‌ಗೆ ಕ್ಲಿಪ್‌ನಲ್ಲಿ ಕೂತಿರುತ್ತದೆ, ಅದೊಂದನ್ನೇ ಬದಲಿಸಬಹುದು. ನನ್ನ ಆಯ್ಕೆ ಇದೇ. ಬೇರೆ ಸಿಗದಿದ್ದರೆ ಪಂಪ್ ಸಮೇತ ಮಾಡ್ಯೂಲ್ ಬದಲಿಸಬೇಕು. ಖರ್ಚು ಜಾಸ್ತಿ, ಆದರೆ ಒಂಬತ್ತು ವರ್ಷದ ಪಂಪ್ ಕೂಡ ಹೊಸದಾಗುತ್ತದೆ. ಮೂರನೆಯದು ರಿಪೇರಿ. ಪಟ್ಟಿಯನ್ನು ಒರೆಸಿ, ಬೆರಳುಗಳನ್ನು ತುಸು ಪಕ್ಕಕ್ಕೆ ಬಗ್ಗಿಸಿ, ಸವೆಯದ ಜಾಗದಲ್ಲಿ ಉಜ್ಜುವಂತೆ ಮಾಡುತ್ತಾರೆ. ಕೈ ನುರಿತವರು ಮಾಡಿದರೆ ಸ್ವಲ್ಪ ಕಾಲ ನಡೆಯುತ್ತದೆ. ಪಾರ್ಟ್ ಸಿಗದ ಹಳೆಯ ಕಾರಿಗೆ ಇದನ್ನು ಒಪ್ಪುತ್ತೇನೆ, ನಿಮ್ಮದಕ್ಕೆ ಶಿಫಾರಸು ಮಾಡುವುದಿಲ್ಲ. ಮತ್ತೆ ಕೆಟ್ಟರೆ ಟ್ಯಾಂಕ್ ಮತ್ತೆ ತೆರೆಯಬೇಕು.

ಟ್ಯಾಂಕ್ ತೆರೆಯುವ ಕೆಲಸವನ್ನು ಮಾತ್ರ ನೀವೇ ಮಾಡಲು ಹೋಗಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಡಿ ದೂರದ ಕಿಡಿಯನ್ನೂ ಮುಟ್ಟುತ್ತದೆ. ಗಾಳಿಯಲ್ಲಿ ಆವಿ ಶೇ. 1.5ರ ಆಸುಪಾಸು ಸೇರಿದರೆ ಸಾಕು, ಹೊತ್ತಿಕೊಳ್ಳುತ್ತದೆ. ಕೆಲಸ ಮಾಡುವವರು ಟ್ಯಾಂಕ್ ಕಾಲು ಭಾಗಕ್ಕಿಂತ ಕಡಿಮೆ ಇರುವಾಗ, ಗಾಳಿಯಾಡುವ ಜಾಗದಲ್ಲಿ, ಲೈನ್‌ನ ಪ್ರೆಷರ್ ಇಳಿಸಿ, ಬ್ಯಾಟರಿ ನೆಗೆಟಿವ್ ಕಳಚಿ ಶುರು ಮಾಡುತ್ತಾರಾ ನೋಡಿ. ಮಾಡ್ಯೂಲನ್ನು ಟ್ಯಾಂಕಿಗೆ ಹಿಡಿದಿಡುವ ಲಾಕ್ ರಿಂಗ್ ಬಿಚ್ಚಲು ಅದರದೇ ಟೂಲ್ ಅಥವಾ ಕಿಡಿ ಹಾರದ ಹಿತ್ತಾಳೆ ತುಂಡು ಬಳಸಬೇಕು, ಉಕ್ಕಿನ ಉಳಿ ಸುತ್ತಿಗೆ ಅಲ್ಲ. ಸೀಲ್ ರಿಂಗ್ ಹೊಸದೇ ಹಾಕಬೇಕು, ಹಳೆಯದು ಉಬ್ಬಿಕೊಂಡಿರುತ್ತದೆ, ಸರಿಯಾಗಿ ಕೂರುವುದಿಲ್ಲ.

ಹೊರ ತೆಗೆದ ಹಳೆಯ ಸೆಂಡರನ್ನು ಎಸೆಯುವ ಮೊದಲು ಕೇಳಿ ನೋಡಿ. ಒರೆಸಿ, ಟ್ಯಾಂಕಿನಿಂದ ದೂರ ತಂದು, ಓಮ್ ಮೀಟರ್ ಹಾಕಿ ತೋಳನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಎತ್ತಿದರೆ ನಡುವೆ ಎಲ್ಲಿ ಅಳತೆ ಹಾರುತ್ತದೆ ಎಂದು ನಿಮ್ಮ ಕಣ್ಣಿಗೇ ಕಾಣುತ್ತದೆ. ಅಳತೆ ಎಲ್ಲಿಯೂ ಹಾರದಿದ್ದರೆ ದೋಷ ಬೇರೆ ಕಡೆ ಇದೆ, ಹೊಸದನ್ನು ಕೂರಿಸುವ ಮೊದಲು ಕಪ್ಲರ್‌ಗೆ ವಾಪಸ್ ಹೋಗಬೇಕು. ಹೊಸ ಸೆಂಡರನ್ನೂ ಹೀಗೇ ಅಳೆದು ಒಳಗಿಳಿಸಿ. ಇಳಿಸುವಾಗ ತೋಳು ಬಗ್ಗದಂತೆ ನೋಡಿಕೊಳ್ಳಬೇಕು. ಪಂಪ್ ಬದಲಿಸಿದ ಮೇಲೆ ಗೇಜ್ ಕೆಟ್ಟಿತು ಎಂಬ ದೂರಿಗೆ ಬಗ್ಗಿದ ತೋಳು ಮಾಮೂಲಿ ಕಾರಣ.

ಮೀಟರ್ ಬದಲಿಸುವುದರಲ್ಲಿ ಖರ್ಚಿನ ಜೊತೆ ಇನ್ನೊಂದು ತೊಡಕಿದೆ. ಕಿಲೋಮೀಟರ್ ಲೆಕ್ಕ ಅದರಲ್ಲೇ ಇರುತ್ತದೆ, ಕೆಲವು ಕಾರುಗಳಲ್ಲಿ ಕೀ ಗುರುತಿಸುವ ಇಮೊಬಿಲೈಜರ್ ಕೂಡ ಅದಕ್ಕೆ ಹೊಂದಿಕೊಂಡಿರುತ್ತದೆ. ಬದಲಿಸಿದರೆ ಪ್ರೋಗ್ರಾಮ್ ಮಾಡಿಸಬೇಕು, ಓಡೋಮೀಟರ್ ಅಂಕಿಯನ್ನು ಸರಿಯಾಗಿ ದಾಖಲಿಸಬೇಕು. ಇಷ್ಟೆಲ್ಲ ಮಾಡಿದ ಮೇಲೂ ಮುಳ್ಳು ಅರ್ಧದಲ್ಲಿ ಬಿದ್ದರೆ? ನಿಮ್ಮ ಮೆಕ್ಯಾನಿಕ್‌ ಬಳಿ ಜಗಳ ಬೇಡ. ‘ಕಪ್ಲರ್‌ನಲ್ಲಿ ರೆಸಿಸ್ಟರ್ ಹಾಕಿ ನೋಡಿದಿರಾ, ಮುಳ್ಳು ಏನು ತೋರಿಸಿತು?’ ಎಂದು ಕೇಳಿ. ಉತ್ತರ ಬಂದರೆ ಮಾತು ಮುಂದುವರಿಸಿ. ನೋಡಿಲ್ಲ ಎಂದರೆ ಮೊದಲು ನೋಡಿಸಿ.

ನಿಮ್ಮ ಕೊನೆಯ ಪ್ರಶ್ನೆ, ಟ್ರಿಪ್ ಮೀಟರ್ ನೋಡಿ ಓಡಿಸಿದರೆ ಸಾಲದೇ? ರಿಪೇರಿ ಆಗುವವರೆಗೆ ಸಾಕು. ಫುಲ್ ಮಾಡಿಸಿ ಟ್ರಿಪ್ ಸೊನ್ನೆ ಮಾಡಿ, ನಿಮ್ಮ ಕಾರಿನ ಮಾಮೂಲಿ ಮೈಲೇಜ್‌ನಿಂದ ಅರ್ಧ ಟ್ಯಾಂಕಿಗೆ ಎಷ್ಟು ದೂರ ಎಂದು ಲೆಕ್ಕ ಹಾಕಿ, ಅಷ್ಟಕ್ಕೇ ಮತ್ತೆ ಹಾಕಿಸಿ. ‘ಇನ್ನೆಷ್ಟು ಕಿಲೋಮೀಟರ್ ಓಡಬಹುದು’ ಎಂದು ಪರದೆಯಲ್ಲಿ ತೋರಿಸುವ ಅಂಕಿಯನ್ನು ನಂಬಬೇಡಿ, ಅದೂ ಇದೇ ಸೆಂಡರ್ ಹೇಳಿದ್ದನ್ನೇ ಆಧರಿಸುತ್ತದೆ. ವರ್ಷಗಟ್ಟಲೆ ಹೀಗೇ ಓಡಿಸಲು ಮಾತ್ರ ನಾನು ಹೇಳುವುದಿಲ್ಲ. ಟ್ರಾಫಿಕ್, ಎಸಿ, ಏರು ದಾರಿ ಎಲ್ಲ ಸೇರಿದಾಗ ಲೆಕ್ಕ ತಪ್ಪುತ್ತದೆ. ಎಲ್ಲಾದರೂ ಪೆಟ್ರೋಲ್ ಸೋರುತ್ತಿದ್ದರೂ ಮುಳ್ಳಿನಿಂದ ನಿಮಗೆ ತಿಳಿಯುವುದಿಲ್ಲ. ಇಂಜಿನ್ ಲೈಟ್ ಸದಾ ಹತ್ತಿಕೊಂಡಿದ್ದರೆ ನಾಳೆ ಬೇರೆ ದೋಷ ಬಂದರೂ ಗೊತ್ತಾಗುವುದಿಲ್ಲ. ಪೆಟ್ರೋಲ್ ಆವಿ ಸೋರಿಕೆಯನ್ನು ಪರೀಕ್ಷಿಸುವ ವ್ಯವಸ್ಥೆ ಇರುವ ಕಾರುಗಳಲ್ಲಿ, ಟ್ಯಾಂಕ್ ಮಟ್ಟ ಸರಿಯಾಗಿ ತಿಳಿಯದಿದ್ದರೆ ಆ ಪರೀಕ್ಷೆಯೇ ನಡೆಯದೆ ಹೋಗಬಹುದು.

ರಿಪೇರಿ ಆದ ದಿನ ಸುಮ್ನೆ ಕೀ ತೆಗೆದುಕೊಂಡು ಬರಬೇಡಿ. ಇಂಜಿನ್ ಆಫ್ ಮಾಡಿ ಫುಲ್ ಟ್ಯಾಂಕ್ ಹಾಕಿಸಿ. ಇಗ್ನಿಷನ್ ಆನ್ ಇಟ್ಟು ಹಾಕಿಸಿದರೆ ಬಹಳ ಕಾರುಗಳಲ್ಲಿ ಮುಳ್ಳು ತುಂಬಾ ನಿಧಾನವಾಗಿ ಏರುತ್ತದೆ, ಹೊಸ ಸೆಂಡರ್ ಕೂಡ ಕೆಟ್ಟಿದೆ ಎಂದು ಸುಮ್ಮನೆ ಗಾಬರಿಯಾಗುತ್ತೀರಿ. ಫುಲ್ ಆದ ಮೇಲೆ ಹಿಂದಿನ ಸೀಟಿನ ಹತ್ತಿರ ಪೆಟ್ರೋಲ್ ವಾಸನೆ ಬರುತ್ತದಾ ಗಮನಿಸಿ. ಬಂದರೆ ಸೀಲ್ ಸರಿ ಕೂತಿಲ್ಲ, ತಕ್ಷಣ ವಾಪಸ್ ತೋರಿಸಿ. ಕೋಡ್ ಅಳಿಸಿ, ಅರ್ಧ ಮಟ್ಟ ದಾಟುವವರೆಗೆ ಓಡಿಸಿ, ಪಿ0463 ಮತ್ತೆ ಬಂದಿದೆಯಾ ಎಂದು ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ. ಫುಲ್‌ನಲ್ಲಿ ನಿಮ್ಮ ಹಳೆಯ ಸೆಂಡರ್ ಕೂಡ ಸರಿಯಾಗಿಯೇ ತೋರಿಸುತ್ತಿತ್ತು. ಹಾಗಾಗಿ ಮುಳ್ಳು ಅರ್ಧದ ಗೆರೆ ದಾಟಿ ಕಾಲಿನವರೆಗೆ ಒಮ್ಮೆಯೂ ಬೀಳದೆ ಇಳಿದ ಮೇಲೆ ಮಾತ್ರ ಕೆಲಸ ಮುಗಿಯಿತು ಎಂದುಕೊಳ್ಳಿ.